ಮಕ್ಕಳ ಕಾಲೇಜು ಓದಿಗೆ ಸಿಗುವ ನೆರವು

(ನಮ್ಮ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯಲ್ಲಿ ಗೊಬ್ಬರ, ಸಾಲ, ವಸೂಲಿ ಈ ಮೂರರ ಮೇಲೆ ಮಾತಾಡಿ ನಮಗೆ ರೂಢಿ. ವಿದ್ಯಾರ್ಥಿವೇತನದ ಬಗ್ಗೆ ಮಾತಾಡಬೇಕು ಎಂದು ಅಧ್ಯಕ್ಷರು ಹೇಳಿದಾಗ, "ನಾವು ಓದಿದ್ದು ಎಸ್ಸೆಸ್ಸೆಲ್ಸಿ, ಕಾಲೇಜಿನ ಮೆಟ್ಟಿಲು ಹತ್ತಿದ್ದೇ ಮಗಳನ್ನು ಸೇರಿಸುವಾಗ, ಯಾರಾದರೂ ಲೆಕ್ಚರರನ್ನು ಕರೆಸಿರಿ" ಎಂದೆವು. ಅದಕ್ಕವರು, "ಲೆಕ್ಚರರು ಯೋಜನೆ ಹೇಳ್ತಾರೆ, ನೀವು ಪಟ್ಟ ಪಾಡು ಹೇಳ್ರಿ" ಎಂದುಬಿಟ್ಟರು. ಆದ್ದರಿಂದ ಪಾಡಿನಿಂದಲೇ ಶುರು ಮಾಡುತ್ತೇವೆ.

2022ರಲ್ಲಿ ನಮ್ಮ ಹಿರಿಯ ಮಗಳು ಪಿಯುಸಿ ಮುಗಿಸಿ ಬಳ್ಳಾರಿಯಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಹಾಸ್ಟೆಲಿಗೆ ಅರ್ಜಿ ಹಾಕಿದ್ದೆವು, ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಟ್ಟೆವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ "ವಿದ್ಯಾಸಿರಿ" ಎಂಬ ಯೋಜನೆ ಉಂಟು, 2013-14ರಲ್ಲಿ ಶುರುವಾದದ್ದು. ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಅಂತ ಆಗ ಇತ್ತು. ಮಗಳೇ ಅರ್ಜಿ ಹಾಕಿದಳು, ಕಾಲೇಜಿನ ಹತ್ತಿರದ ಬ್ಯಾಂಕಿನಲ್ಲಿ ಹೊಸ ಖಾತೆ ತೆಗೆದಳು. ನಾವು ದಿನಾ ಫೋನು ಹಚ್ಚಿ "ಬಂತಾ?" ಎಂದು ಕೇಳುವುದು, ಆಕೆ "ಇಲ್ಲಪ್ಪಾ" ಎನ್ನುವುದು. ನಾಟಿ ಮುಗಿದ ಹೊತ್ತು, ಕೈಯಲ್ಲಿ ರೊಕ್ಕ ಇಲ್ಲ. ದಲಾಲರ ಹತ್ತಿರ ಹೋಗಿ 15,000 ರೂಪಾಯಿ ತಂದೆವು, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 450 ರೂಪಾಯಿ. ಜೊತೆಗೆ ಸುಗ್ಗಿಯಾದ ಮೇಲೆ ಭತ್ತ ಅವರಿಗೇ ಹಾಕಬೇಕು, ಅವರು ಹೇಳಿದ ದರಕ್ಕೆ. ಇದು ನಿಮಗೆ ಗೊತ್ತಿರುವ ಕಥೆಯೇ.

ಎಂಟು ತಿಂಗಳಾಯ್ತು. 3,600 ರೂಪಾಯಿ ಬಡ್ಡಿ ಕಟ್ಟಿದ್ದಾಯ್ತು. ಮನೆಯಲ್ಲಿ, "ಮುಂದಿನ ವರ್ಷ ಬಿಡಿಸಿಬಿಡೋಣ, ಗಂಡು ನೋಡೋಣ" ಎಂಬ ಮಾತು ಬಂತು. ನಾವೂ ಹೂಂ ಅಂದಿದ್ದೆವು, ಸುಳ್ಳು ಯಾಕೆ ಹೇಳೋಣ. ಆಗ ಮಗಳು ಒಂದು ದಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಜಿಯ ಸ್ಥಿತಿ ತೆಗೆಸಿದಳು. ಹಣ ಜಮಾ ಆಗಿದೆ ಎಂದು ಬಂತು! ಎಲ್ಲಿ ಜಮಾ? ಆಕೆ ಸಾಲಿಗೆ ಹೋಗುವಾಗ ನಮ್ಮೂರ ಕಡೆಯ ಇನ್ನೊಂದು ಬ್ಯಾಂಕಿನಲ್ಲಿ ತೆಗೆಸಿದ್ದ ಹಳೆ ಖಾತೆಗೆ. ಆ ಪಾಸ್‌ಬುಕ್ಕು ಟ್ರಂಕಿನ ತಳದಲ್ಲಿತ್ತು. ಮೂರು ತಿಂಗಳಿಂದ 15,000 ರೂಪಾಯಿ ಅಲ್ಲಿ ತಣ್ಣಗೆ ಕುಂತಿತ್ತು, ಇಲ್ಲಿ ನಾವು ಬಡ್ಡಿ ಕಟ್ಟುತ್ತಿದ್ದೆವು. ತಪ್ಪು ಯಾರದೂ ಅಲ್ಲ, ನಮ್ಮದೇ. ಸರ್ಕಾರದ ಹಣ ನಾವು ಬರೆದುಕೊಟ್ಟ ಖಾತೆಗೆ ಬರುವುದಿಲ್ಲ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ ಬರುತ್ತದೆ. ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೂ ಇಂಥ ಹಣ ಬರುವ ಖಾತೆ ಒಂದೇ. ಅದು ಯಾವುದು ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಈ ಒಂದು ಮಾತು ಗೊತ್ತಿಲ್ಲದೆ ನಮ್ಮ ಹುಡುಗಿಯ ಓದು ನಿಲ್ಲುವುದರಲ್ಲಿತ್ತು. 2025ರಲ್ಲಿ ಆಕೆ ಡಿಗ್ರಿ ಮುಗಿಸಿದಳು.

ನಮ್ಮ ಓಣಿಯ ಇನ್ನೊಬ್ಬ ಹುಡುಗನಿಗೆ ಹಾಗೆ ಆಗಲಿಲ್ಲ. ಅವನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ತಿದ್ದಿಸಲು ತಿರುಗಾಡುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತು. ಅವರಪ್ಪನಿಗೆ ಒಂದೂವರೆ ಎಕರೆ, ಅದೂ ಕಾಲುವೆಯ ಕೊನೆ ಭಾಗ. ಹುಡುಗ ಬಳ್ಳಾರಿಯ ಜೀನ್ಸ್ ಕೆಲಸಕ್ಕೆ ಹೋದ, ಇವತ್ತಿಗೂ ಅಲ್ಲೇ ಇದ್ದಾನೆ. ಪಿಯುಸಿಯಲ್ಲಿ ನಮ್ಮ ಮಗಳಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದವನು ಅವನು.

ಬಂಧುಗಳೇ, ರೈತರ ಮನೆಯ ಕಷ್ಟ ಬರೀ ಬಡತನದ್ದಲ್ಲ, ಕಾಲದ್ದು. ಕಾಲೇಜು ತೆರೆಯುವ ಹೊತ್ತಿಗೇ ಕಾಲುವೆಗೆ ನೀರು ಬಿಡುತ್ತಾರೆ. ಸಸಿಮಡಿ, ಗೊಬ್ಬರ, ನಾಟಿ ಕೂಲಿ ಅಂತ ಮನೆಯಲ್ಲಿದ್ದ ರೊಕ್ಕವೆಲ್ಲಾ ಗದ್ದೆಯ ಕೆಸರಿಗೆ ಇಳಿದಿರುತ್ತದೆ. ಸಿರುಗುಪ್ಪದ ಕಡೆ ಭತ್ತ ಕೈಗೆ ಹತ್ತುವುದು ನವೆಂಬರ್, ಡಿಸೆಂಬರಿಗೆ. ಕುರುಗೋಡಿನ ಕಡೆ ಮೆಣಸಿನಕಾಯಿ ಹಾಕಿದವರಿಗೆ ಇನ್ನೂ ತಡ, ಒಣಗಿಸಿ ಬ್ಯಾಡಗಿಗೆ ಒಯ್ದು ಮಾರಿದ ಮೇಲೇ ದುಡ್ಡು. ವಿದ್ಯಾರ್ಥಿವೇತನವೂ ಹಂಗೇ, ಅರ್ಜಿ ಹಾಕಿದ ನಾಲ್ಕಾರು ತಿಂಗಳ ಮೇಲೆ. ಫೀ ಮಾತ್ರ ಮೊದಲ ದಿನವೇ. ಈ ಸಂದಿನಲ್ಲಿ ದಲಾಲರು ನಿಂತಿರುತ್ತಾರೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ನಮಗೆ ಮೊದಲು ನೆನಪಾದದ್ದು ಗದ್ದೆಯಲ್ಲ, ಮಕ್ಕಳ ಫೀ. ಸುಮಾರು ಮನೆಯಲ್ಲಿ ಹಂಗೇ ಆಗಿರಬೇಕು.

ಸರ್ಕಾರದ ದುಡ್ಡು ತಿನ್ನೋದು ಭಿಕ್ಷೆ ಬೇಡಿದಂಗೆ ಎನ್ನುವ ಹಿರಿಯರು ನಮ್ಮೂರಿನಲ್ಲಿ ಇದ್ದಾರೆ. ಅವರಿಗೆ ಒಂದು ಮಾತು. ಬಾಬಾಸಾಹೇಬ ಅಂಬೇಡ್ಕರರು 1913ರಲ್ಲಿ ಅಮೆರಿಕಕ್ಕೆ ಓದಲು ಹೋದದ್ದು ಬರೋಡಾ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ಬೆಳಗಾವಿ ಸೀಮೆಯ ಶಿರಸಂಗಿ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ನಮ್ಮ ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದ ಜಿಲ್ಲೆ. ಕಾಲೇಜು ಓದಬೇಕಾದರೆ ಅನಂತಪುರ, ಇಲ್ಲವೇ ಮದರಾಸು. 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿ, 1945ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಆದದ್ದು ದಾನಿಗಳ ದುಡ್ಡಿನಿಂದ. ಒಬ್ಬರ ಓದಿಗೆ ಇನ್ನೊಬ್ಬರು ಕೈಹಚ್ಚುವುದು ಮೊದಲಿಂದ ನಡೆದುಬಂದದ್ದು. ನಮ್ಮ ಮಕ್ಕಳು ಪಡೆದರೆ ನಾಚಿಕೆ ಏನಿಲ್ಲ.

ಈಗ ಏನೇನು ಉಂಟು ಎಂಬುದನ್ನು ಹೇಳುತ್ತೇವೆ. ಎಲ್ಲವನ್ನೂ ಹೇಳಲು ಹೋದರೆ ಊಟದ ಹೊತ್ತು ಮೀರುತ್ತದೆ, ನಮ್ಮ ಕಡೆಯ ಮಕ್ಕಳಿಗೆ ದಕ್ಕುವಂಥವನ್ನಷ್ಟೇ ಹೇಳುತ್ತೇವೆ.

ಮೊದಲನೆಯದು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಹೀಗೆ ಇಲಾಖೆ ಬೇರೆ ಬೇರೆ ಆದರೂ ಅರ್ಜಿ ಹಾಕುವ ಜಾಗ ಒಂದೇ, ಅದಕ್ಕೆ ಎಸ್‌ಎಸ್‌ಪಿ ಎನ್ನುತ್ತಾರೆ, ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವೇತನ ಸ್ವಾತಂತ್ರ್ಯಕ್ಕಿಂತ ಹಳೆಯದು, 1944ರಲ್ಲಿ ಶುರುವಾದದ್ದು. ಕೇಂದ್ರದ ಯೋಜನೆಯಲ್ಲಿ ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗಿರಬೇಕು. 2021ರಲ್ಲಿ ಮಾಡಿದ ದರದ ಪ್ರಕಾರ, ಬಿ.ಎ., ಬಿ.ಎಸ್ಸಿ. ಓದುವವರಿಗೆ ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 6,000, ಮನೆಯಿಂದ ಹೋಗಿಬರುವವರಿಗೆ 3,000. ಇಂಜಿನಿಯರಿಂಗ್, ಮೆಡಿಕಲ್ ಆದರೆ 13,500 ಮತ್ತು 7,000. ಕಾಲೇಜಿನ ಶುಲ್ಕದ ಲೆಕ್ಕ ಬೇರೆ. ಪರಿಶಿಷ್ಟರ ಮಕ್ಕಳು ಮೊದಲ ಸಲಕ್ಕೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪ್ರೋತ್ಸಾಹಧನ ಎಂದು ಮತ್ತೊಂದು ಉಂಟು. ಪಿಯುಸಿ ಮತ್ತು ಡಿಪ್ಲೊಮಾಕ್ಕೆ 20,000, ಡಿಗ್ರಿಗೆ 25,000 ರೂಪಾಯಿ. ಇದಕ್ಕೆ ಬೇರೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ನಮ್ಮೂರಿನಲ್ಲಿ ಇದನ್ನು ಬಿಟ್ಟವರು ಎಷ್ಟು ಜನ ಎಂದು ಎಣಿಸಿದರೆ ಹೊಟ್ಟೆ ಉರಿಯುತ್ತದೆ.

"ನಮಗೆ ಜಾತಿ ಸರ್ಟಿಫಿಕೇಟಿನಿಂದ ಏನೂ ಸಿಗಂಗಿಲ್ಲ, ನಮಗೇನೈತಿ ಇದ್ರಾಗ" ಎಂದು ಕೆಲವರು ಕುರ್ಚಿ ಸರಿಸುತ್ತಿದ್ದಾರೆ. ಕುಂದರ್ರಿ. ಜಾತಿ ನೋಡದೆ ಕೊಡುವವೂ ಇವೆ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಒಂದಿದೆ. ದ್ವಿತೀಯ ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ನೂರಕ್ಕೆ ಇಪ್ಪತ್ತರೊಳಗೆ ಬಂದಿದ್ದು, ಮನೆಯ ಆದಾಯ 4.5 ಲಕ್ಷ ಮೀರದಿದ್ದರೆ ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ 50 ಪರ್ಸೆಂಟ್ ಮಾರ್ಕ್ಸು, 75 ಪರ್ಸೆಂಟ್ ಹಾಜರಾತಿ ಬೇಕು. ನಾಟಿಗೆ ಬಾ, ಕೊಯ್ಲಿಗೆ ಬಾ ಎಂದು ಹುಡುಗರನ್ನು ಹದಿನೈದು ದಿನ ಊರಿಗೆ ಕರೆಸುವವರು ಈ ಹಾಜರಾತಿ ಲೆಕ್ಕ ನೆನಪಿಟ್ಟರೆ ಒಳ್ಳೆಯದು.

ಇಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಓದುವ ಹೆಣ್ಣುಮಕ್ಕಳಿಗೆ "ಪ್ರಗತಿ" ಎಂದು ಉಂಟು, ಎಐಸಿಟಿಇಯವರದು. ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಮನೆಯಲ್ಲಿ ಇಬ್ಬರು ಹುಡುಗಿಯರವರೆಗೆ. ಹಾಗೇ ಸರ್ಕಾರಿ ಸಾಲಿ, ಸರ್ಕಾರಿ ಕಾಲೇಜಿನಲ್ಲೇ ಹತ್ತನೇದು, ಪಿಯುಸಿ ಓದಿ ಡಿಗ್ರಿಗೋ ಡಿಪ್ಲೊಮಾಕ್ಕೋ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ವರ್ಷಕ್ಕೆ 30,000 ರೂಪಾಯಿ ಕೊಡುವುದನ್ನು 2025ರಲ್ಲಿ ನಮ್ಮ ರಾಜ್ಯಕ್ಕೂ ತಂದರು. ಸರ್ಕಾರ ಅದಕ್ಕೆ "ದೀಪಿಕಾ" ಎಂದು ಹೆಸರಿಟ್ಟಿತು. ಸರ್ಕಾರಿ ಸಾಲಿ ಬ್ಯಾಡ ಎಂದು ವ್ಯಾನಿನಲ್ಲಿ ಕಾನ್ವೆಂಟಿಗೆ ಕಳಿಸಿದವರಿಗೆ ಇದು ಇಲ್ಲ. ಇರಲಿ, ಅದು ಬೇರೆ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ನಮ್ಮ ಕಡೆಯಿಂದ ಬಳ್ಳಾರಿಗೆ ದಿನಾ ಹೋಗಿಬರುವ ಹುಡುಗಿಯರ ಸಂಖ್ಯೆ ನೀವೇ ನೋಡುತ್ತಿದ್ದೀರಿ. ಬೆಳಗಿನ ಬಸ್ಸಿನಲ್ಲಿ ನಮಗೆ ನಿಲ್ಲಲೂ ಜಾಗ ಇಲ್ಲ, ಅದಕ್ಕೆ ಬೇಸರವೂ ಇಲ್ಲ.

ರೈತರ ಮಕ್ಕಳಿಗೆಂದೇ 2021ರಲ್ಲಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಶುರುವಾಯಿತು. ಪಿಯುಸಿ ಹುಡುಗರಿಗೆ 2,500, ಹುಡುಗಿಯರಿಗೆ 3,000, ಡಿಗ್ರಿಗೆ 5,000 ಮತ್ತು 5,500, ಇಂಜಿನಿಯರಿಂಗ್, ಮೆಡಿಕಲ್ಲಿಗೆ 10,000 ಮತ್ತು 11,000 ಎಂದು ಗೊತ್ತುಮಾಡಿದ್ದರು. ಆಮೇಲೆ ಕೃಷಿ ಕೂಲಿಗಳ ಮಕ್ಕಳಿಗೂ ವಿಸ್ತರಿಸಿದರು. ಇಂಥ ಯೋಜನೆಗಳು ಸರ್ಕಾರ ಬದಲಾದಂತೆ ಬದಲಾಗುತ್ತವೆ, ಆದ್ದರಿಂದ ಆಯಾ ವರ್ಷ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಮೇಲೇ ಈ ಹಣವನ್ನು ಲೆಕ್ಕಕ್ಕೆ ಹಿಡಿಯಿರಿ. ಅದಕ್ಕೆ ಆಧಾರ ಆದದ್ದು ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ನಂಬರು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಮನೆಗಳಲ್ಲಿ ಎಫ್‌ಐಡಿ ಆಗಲಿಲ್ಲ, ಮೊಮ್ಮಗನಿಗೆ ಹಣ ಬರಲಿಲ್ಲ. ಅಣ್ಣತಮ್ಮಂದಿರ ಹಿಸ್ಸೆ ಜಗಳಕ್ಕೆ ಕಾಲೇಜು ಹುಡುಗ ದಂಡ ಕಟ್ಟಿದಂತಾಯಿತು.

ಇದಕ್ಕಿಂತ ದೊಡ್ಡ ನೆರವು ಕೈಗೆ ರೊಕ್ಕವಾಗಿ ಬರುವುದಿಲ್ಲ, ಸೀಟಾಗಿ ಬರುತ್ತದೆ. ಸಂವಿಧಾನದ 371ಜೆ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ 8 ಪರ್ಸೆಂಟ್. ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಅಂತರ ಯಾವ ವಿದ್ಯಾರ್ಥಿವೇತನಕ್ಕಿಂತಲೂ ದೊಡ್ಡದು. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಬೇಕು, ಸಿಇಟಿ ರಿಸಲ್ಟು ಬಂದ ಮೇಲೆ ಓಡಿದರೆ ಆಗದು. ಇಂಜಿನಿಯರಿಂಗಿನಲ್ಲಿ ಎಸ್‌ಎನ್‌ಕ್ಯೂ ಎಂದು ಕೆಲವು ಸೀಟುಗಳಿರುತ್ತವೆ, ಆದಾಯ ಕಡಿಮೆ ಇದ್ದವರಿಗೆ ಅದರಲ್ಲಿ ಬೋಧನಾ ಶುಲ್ಕ ಇಲ್ಲ. ಬಿ.ಎಸ್ಸಿ. ಅಗ್ರಿಗೆ ಕೃಷಿಕರ ಕೋಟಾ ಬೇರೆ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಮಾಡುತ್ತಾರೆ. ಬೀಜ, ಗೊಬ್ಬರ, ಕಳೆ ಗುರುತು ಹಿಡಿಯಬೇಕು. ಹೊಲದ ಬದುವಿಗೆ ಕಾಲಿಡದ ಹುಡುಗರು ಅಲ್ಲಿ ಸಿಕ್ಕಿಬೀಳುತ್ತಾರೆ.

ಸಾಲದ ವಿಷಯ ಬೇಗ ಮುಗಿಸುತ್ತೇವೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ 7.5 ಲಕ್ಷದವರೆಗೆ ಹೊಲ ಮನೆ ಅಡವು ಕೇಳುವಂತಿಲ್ಲ, 4 ಲಕ್ಷದವರೆಗೆ ನಮ್ಮ ಕೈಯಿಂದ ಪಾಲು ಹಾಕುವುದೂ ಇಲ್ಲ. ಓದು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. ಆದರೆ ಬಡ್ಡಿ ಮೊದಲಿನಿಂದಲೇ ಏರುತ್ತಿರುತ್ತದೆ, ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ದೊಡ್ಡ ಕಾಲೇಜುಗಳಿಗೆ ಸೇರಿದವರಿಗೆ, ಆದಾಯ 8 ಲಕ್ಷದವರೆಗೆ ಇದ್ದರೆ, 10 ಲಕ್ಷದ ತನಕದ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ರಿಯಾಯಿತಿ ಇಟ್ಟಿದ್ದಾರೆ. ಬೆಳೆಸಾಲ ತಂದು ಫೀ ಕಟ್ಟುವವರು ಇಲ್ಲಿ ಬಹಳ ಮಂದಿ ಇದ್ದಾರೆ. ನಿರ್ದೇಶಕರಾಗಿ ಅದು ತಪ್ಪು ಎಂದು ಹೇಳಬೇಕು, ಹೇಳಿದೆವು. ತಂದೆಯಾಗಿ ನಾವು ಬೈಯಲಾರೆವು.

ಇನ್ನು ಕಾಗದಪತ್ರದ ಮಾತು. ಇದೇ ಮುಖ್ಯ, ಹುಡುಗರು ಬರೆದುಕೊಳ್ಳಿರಿ. ಜಾತಿ ಮತ್ತು ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ಮಾಡಿಸಬೇಕು. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ, ಪಿಯುಸಿಗೆ ಮಾಡಿಸಿದ್ದು ಡಿಗ್ರಿ ನಡುವೆ ಮುಗಿದುಹೋಗಬಹುದು. ಅದರ ಮೇಲಿನ ಆರ್‌ಡಿ ನಂಬರೇ ಅರ್ಜಿಗೆ ಬೀಗದಕೈ. ಪತ್ರದಲ್ಲಿ, ಆಧಾರಿನಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ಒಂದರಲ್ಲಿ ಬಸಮ್ಮ, ಇನ್ನೊಂದರಲ್ಲಿ ಬಸವಮ್ಮ ಎಂದಿದ್ದರೆ ನಮಗೆ ಇಬ್ಬರೂ ಒಂದೇ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಹೆಂಗಸರು. ಮಾರ್ಕ್ಸ್ ಕಾರ್ಡು ತಿದ್ದಿಸುವುದು ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಆದ್ದರಿಂದ ಮಾರ್ಕ್ಸ್ ಕಾರ್ಡಿನಂತೆ ಆಧಾರ್ ಮಾಡಿಸಿರಿ. ಆಧಾರಿಗೆ ಕೊಟ್ಟ ಫೋನ್ ನಂಬರು ಈಗ ಯಾರ ಹತ್ತಿರ ಇದೆ ಎಂದೂ ನೋಡಿರಿ. ಓಟಿಪಿ ಆ ಫೋನಿಗೇ ಬರುವುದು. ಆ ಸಿಮ್ಮನ್ನು ಬೆಂಗಳೂರಿಗೆ ದುಡಿಯಲು ಹೋದ ಅಣ್ಣ ಒಯ್ದಿದ್ದರೆ ತಂಗಿಯ ಅರ್ಜಿ ಅಲ್ಲಿಗೇ ನಿಂತಿತು. ಕಾಗದಪತ್ರಗಳಿಗೆ ಕಾಲೇಜಿನಲ್ಲಿ ಇ-ದೃಢೀಕರಣ ಆಗಬೇಕು. ಅರ್ಜಿ ಹಾಕಿದ ಮೇಲೆ ಸುಮ್ಮನೆ ಕೂಡಬಾರದು, ತಿಂಗಳಿಗೊಮ್ಮೆ ಸ್ಥಿತಿ ನೋಡಬೇಕು. ಭತ್ತ ನಾಟಿ ಮಾಡಿ ಸುಗ್ಗಿಗೇ ಗದ್ದೆಗೆ ಹೋಗುವವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? "ಸ್ಕಾಲರ್‌ಶಿಪ್ ಮಾಡಿಸಿಕೊಡ್ತೀವಿ" ಎಂದು ಕಮಿಷನ್ ಕೇಳುವವರಿಗೆ, ಫೋನಿನಲ್ಲಿ ಓಟಿಪಿ ಕೇಳುವವರಿಗೆ ಏನೂ ಕೊಡಬೇಡಿರಿ. ಹತ್ತೆಕರೆ ನೀರಾವರಿ ಇಟ್ಟುಕೊಂಡು ಸುಳ್ಳು ಆದಾಯ ಪತ್ರ ಮಾಡಿಸುವವರು ಸಹ ಸ್ವಲ್ಪ ಯೋಚಿಸಿರಿ. ಅದು ಜೀನ್ಸ್ ಕೆಲಸಕ್ಕೆ ಹೋದ ಆ ಹುಡುಗನಂಥವರ ಪಾಲು.

ಈಗ ಸಂಘದ ಕಡೆ ಬರುತ್ತೇವೆ. ಪ್ರತಿ ಮಹಾಸಭೆಯಲ್ಲಿ ಹೆಚ್ಚು ಮಾರ್ಕ್ಸ್ ತೆಗೆದ ಮಕ್ಕಳಿಗೆ ಶಾಲು, ಫಲಕ ಕೊಟ್ಟು ಫೋಟೋ ತೆಗೆಸುತ್ತೇವೆ. ಬೇಡ ಎನ್ನುವುದಿಲ್ಲ. ಆದರೆ ಆ ಹುಡುಗ ಫಲಕ ಹಿಡಿದುಕೊಂಡು ಮರುದಿನ ದಲಾಲರ ಅಂಗಡಿಗೆ ಹೋಗುತ್ತಾನಲ್ಲ, ಅದನ್ನು ನಾವು ನೋಡುವುದಿಲ್ಲ. ನಮ್ಮ ಸದಸ್ಯರ ಪಹಣಿ, ಆಧಾರ್, ಎಫ್‌ಐಡಿ, ಪಾಸ್‌ಬುಕ್ಕು ಎಲ್ಲವೂ ಬೆಳೆಸಾಲಕ್ಕೆಂದು ಸಂಘದ ಕಪಾಟಿನಲ್ಲಿ ಈಗಾಗಲೇ ಇವೆ. ಕಂಪ್ಯೂಟರ್ ಇದೆ, ಅದನ್ನು ನಡೆಸುವ ಹುಡುಗನೂ ಇದ್ದಾನೆ. ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಾವು ಎರಡು ವಿಷಯ ಇಟ್ಟಿದ್ದೇವೆ. ಒಂದು, ಮೇ ತಿಂಗಳಿನಿಂದ ವಾರಕ್ಕೆ ಎರಡು ದಿನ ಸಂಜೆ ಸಂಘದ ಕಚೇರಿಯಲ್ಲಿ ಮಕ್ಕಳ ಅರ್ಜಿ ಹಾಕಿಕೊಡುವುದು, ಸದಸ್ಯರಲ್ಲದ ಕೂಲಿಕಾರರ ಮಕ್ಕಳಿಗೂ ಸಹ. ಎರಡು, ಲಾಭದಲ್ಲಿ ನಿಯಮದ ಪ್ರಕಾರ ತೆಗೆದಿಡುವ ನಿಧಿಗಳನ್ನು ಮುಟ್ಟದೆ, ಮಹಾಸಭೆಯ ಒಪ್ಪಿಗೆ ಪಡೆದು ಒಂದು ಸಣ್ಣ ನಿಧಿ ಮಾಡಿ, ಫೀ ಕಟ್ಟುವ ದಿನ ಬಡ್ಡಿ ಇಲ್ಲದ ಮುಂಗಡ ಕೊಡುವುದು. ವಿದ್ಯಾರ್ಥಿವೇತನ ಬಂದಾಗ ಇಲ್ಲವೇ ಭತ್ತ ಮಾರಿದಾಗ, ಯಾವುದು ಮೊದಲೋ ಆಗ ತಿರುಗಿ ಕಟ್ಟುವುದು.

"ಕಟ್ಟದೇ ಹೋದರೆ?" ಎಂದು ಕಾರ್ಯದರ್ಶಿಗಳು ಕೇಳಿದರು, ಸರಿಯಾದ ಪ್ರಶ್ನೆ. ವಸೂಲಿಯ ಸಂಕಟ ಅವರಿಗೆ ಗೊತ್ತು. ಅದಕ್ಕೇ ಮೊದಲ ವರ್ಷ ಹತ್ತು ಮಕ್ಕಳಿಗೆ ಮಾತ್ರ, ಒಬ್ಬರಿಗೆ 10,000 ರೂಪಾಯಿ ಮೀರದಂತೆ, ಇಬ್ಬರು ಸದಸ್ಯರ ಜಾಮೀನಿನ ಮೇಲೆ ಎಂದು ಬರೆದಿದ್ದೇವೆ. ಒಟ್ಟು ಒಂದು ಲಕ್ಷ. ಈ ಬೆಳ್ಳಿಹಬ್ಬದ ಶಾಮಿಯಾನ, ಊಟ, ಬ್ಯಾಂಡಿನ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿದರೆ ಅದು ದೊಡ್ಡ ಮೊತ್ತ ಅಲ್ಲ ಎಂದು ಅಧ್ಯಕ್ಷರ ಕ್ಷಮೆ ಕೇಳಿ ಹೇಳುತ್ತೇವೆ. ಜಾಮೀನಿಗೆ ಮೊದಲ ಸಹಿ ನಮ್ಮದು.

ವಿಷಯ ಮಹಾಸಭೆಗೆ ಬಂದಾಗ ನೀವು ಕೈ ಎತ್ತಬೇಕು ಎಂದು ಕೇಳಿಕೊಳ್ಳುತ್ತೇವೆ. ಅಲ್ಲಿಯತನಕ ಕಾಯುವುದು ಬೇಡ. ಈ ವರ್ಷ ಪಿಯುಸಿ ಬರೆಯುವ ಮಕ್ಕಳಿದ್ದವರು ಊಟ ಮುಗಿಸಿ ಕಚೇರಿಯ ಪಡಸಾಲೆಗೆ ಬನ್ನಿರಿ. ಮಗುವಿನ ಆಧಾರ್, ಹತ್ತನೇ ತರಗತಿ ಮಾರ್ಕ್ಸ್ ಕಾರ್ಡು, ಮನೆಯಲ್ಲಿರುವ ಎಲ್ಲಾ ಪಾಸ್‌ಬುಕ್ಕು, ಟ್ರಂಕಿನ ತಳದಲ್ಲಿರುವುದು ಸಹ, ತರಬೇಕು. ಹೆಸರು ಕೂಡುತ್ತದೋ ಇಲ್ಲೋ ಇವತ್ತೇ ನೋಡಿಬಿಡೋಣ. ನಮ್ಮ ಮಗಳು ಅಲ್ಲಿ ಕಂಪ್ಯೂಟರ್ ಮುಂದೆ ಕುಂತಿರುತ್ತಾಳೆ.